ಪುಟ್ಟಿ ಮೆತ್ತಿದ್ರ ಜಂಗು ಹೋಗಂಗಿಲ್ಲ



ಇವತ್ತು ಒಳಮೀಸಲಾತಿ ಬಗ್ಗೆ ಬರೀತಿಲ್ಲ, ಯಾವ ಲೀಡರ್ ಬಗ್ಗೆನೂ ಬರೀತಿಲ್ಲ. ಗಾಡಿಯ ತಗಡಿನ ಬಗ್ಗೆ ಬರೀತಿದ್ದೀನಿ. ಜಂಗು ತಿಂದ ತಗಡನ್ನ ಕಟ್ ಮಾಡಿ ತೆಗೆದು, ಹೊಸ ತಗಡು ಕೂಡಿಸಿ ವೆಲ್ಡಿಂಗ್ ಮಾಡೋ ನಮ್ಮ ಹುಡುಗರ ಬಗ್ಗೆ. "ಇದರಾಗ ಚಳವಳಿ ಎಲ್ಲಿಂದ ಬಂತು?" ಅನ್ನೋರು ದಯವಿಟ್ಟು ಕೊನೆ ತನಕ ಓದ್ರಿ. ಉದ್ದ ಅದ, ಆದ್ರ ಓದ್ರಿ.

ನಮ್ಮ ಸೊನ್ನ ಅಫಜಲಪುರ ತಾಲೂಕಿನ ಭೀಮಾ ದಂಡಿ ಊರು. ಹೊರಗಿನವರಿಗೆ ಬ್ಯಾರೇಜಿನಿಂದ ಗೊತ್ತು. ಮಳೆಗಾಲದಾಗ "ಸೊನ್ನ ಬ್ಯಾರೇಜಿನಿಂದ ಇಷ್ಟು ಕ್ಯೂಸೆಕ್ ನೀರು ಬಿಟ್ಟರು" ಅಂತ ಪೇಪರಿನಾಗ ಬರ್ತದಲ್ಲ, ಅದೇ ಸೊನ್ನ. ಕೋರೆಗಾಂವದ ಹತ್ತಿರ ಹರಿಯೋ ಭೀಮೆಯೇ ಇಲ್ಲಿಗೂ ಬರ್ತಾಳ. 2020ರ ಅಕ್ಟೋಬರ್‌ನಾಗ ಬಂದ ಪ್ರವಾಹ, 2025ರ ಸೆಪ್ಟೆಂಬರ್‌ನಾಗ ಬಂದ ಪ್ರವಾಹ ಈ ಭಾಗದ ಯಾರೂ ಮರೆತಿಲ್ಲ. ಮನಿ ಬಿದ್ದದ್ದು, ತೊಗರಿ ಕೊಳೆತದ್ದು ಸರ್ವೆ ಆಯ್ತು. ಆದರೆ ನೀರಿನಾಗ ನಿಂತ ಗಾಡಿಗಳ ಕಥೆ ಯಾರೂ ಬರೀಲಿಲ್ಲ. ನೀರು ಇಳೀತದ, ಇಂಜಿನ್ ಬಿಚ್ಚಿ ಚಾಲೂ ಮಾಡ್ತಾರ. ಬಾಗಿಲ ಕೆಳಗಿನ ಪೊಳ್ಳು ಪಟ್ಟಿಯೊಳಗ ಸೇರಿದ ರಾಡಿ ಮಾತ್ರ ಅಲ್ಲೇ ಉಳೀತದ. ಒಣಗಿದ ರಾಡಿ ಮತ್ತ ಮಳೆಗೆ ಹಸಿ ಆಗ್ತದ, ಮತ್ತ ಒಣಗ್ತದ. ಹೊರಗ ಬಣ್ಣ ಚಂದ ಕಾಣ್ತಿರ್ತದ, ಒಳಗಿಂದ ಜಂಗು ತಿಂತಿರ್ತದ. ಎರಡು ಮೂರು ವರ್ಷಕ್ಕ ಬಣ್ಣದ ಮ್ಯಾಲ ಗುಳ್ಳೆ ಏಳ್ತಾವ. ಗುಳ್ಳೆ ಕಂಡಿತು ಅಂದ್ರ ಒಳಗ ತಗಡು ಮುಗದದ ಅಂತ ತಿಳೀಬೇಕು.

ಈಗ ಇದನ್ನ ರಿಪೇರಿ ಮಾಡೋ ದಾರಿ ಎರಡು.

ಮೊದಲನೇ ದಾರಿ ಪುಟ್ಟಿ. ಜಂಗು ಹಿಡಿದ ಜಾಗನ ಮ್ಯಾಲ ಮ್ಯಾಲ ಉಜ್ಜೋದು, ತೂತಿಗೆ ಫೈಬರ್ ಮ್ಯಾಟ್ ಇಲ್ಲ ತಗಡಿನ ತುಂಡು ಅಂಟಿಸೋದು, ಅದರ ಮ್ಯಾಲ ದಪ್ಪಗೆ ಪುಟ್ಟಿ ಮೆತ್ತೋದು, ಮರಳು ಕಾಗದ ಹೊಡೆದು ಬಣ್ಣ ಸ್ಪ್ರೇ ಮಾಡೋದು. ಎರಡು ದಿನದ ಕೆಲಸ. ಗಾಡಿ ಮದುಮಗನಂಗ ಕಾಣ್ತದ. ಫಿಟ್ನೆಸ್ ಸರ್ಟಿಫಿಕೇಟ್ ಮಾಡಿಸೋ ಮುಂದ ಎಷ್ಟೋ ಗಾಡಿಗಳಿಗೆ ನಡೆಯೋದು ಇದೇ. ಎಂಟು ವರ್ಷ ದಾಟಿದ ಬಾಡಿಗೆ ಗಾಡಿಗೆ ವರ್ಷಕ್ಕೊಮ್ಮೆ ಎಫ್‌ಸಿ ಬೇಕು. ಅಂದ್ರ ವರ್ಷಕ್ಕೊಮ್ಮೆ ಪುಟ್ಟಿ.

ಎರಡನೇ ದಾರಿ ಕಟಿಂಗ್-ವೆಲ್ಡಿಂಗ್. ಇದರಾಗ ಎಷ್ಟು ತಲಿ ಓಡಿಸಬೇಕು ಅನ್ನೋದು ನೋಡಿದವರಿಗಷ್ಟೇ ಗೊತ್ತು, ಅದಕ್ಕ ಸ್ವಲ್ಪ ವಿವರವಾಗಿ ಹೇಳ್ತೀನಿ.

ಮೊದಲು ಸುತ್ತಿಗೆಯಿಂದ ತಟ್ಟಿ ಸಪ್ಪಳ ಕೇಳ್ತಾರ. ಗಟ್ಟಿ ತಗಡು ಒಂದು ದನಿ ಕೊಡ್ತದ, ಜಂಗು ತಿಂದ ತಗಡು ಬೇರೇ ದನಿ. ಸ್ಕ್ರೂಡ್ರೈವರ್ ಒತ್ತಿ ನೋಡ್ತಾರ. ಜಂಗು ಎಲ್ಲಿ ಮುಗೀತದ, ಗಟ್ಟಿ ತಗಡು ಎಲ್ಲಿ ಚಾಲೂ ಆಗ್ತದ ಅನ್ನೋದು ಗೊತ್ತಾಗೋ ತನಕ ಗ್ರೈಂಡರ್ ಮುಟ್ಟಂಗಿಲ್ಲ. ಆಮೇಲೆ ಬ್ಯಾಟರಿ ವೈರ್ ಬಿಚ್ಚಬೇಕು, ಇಲ್ಲಾಂದ್ರ ವೆಲ್ಡಿಂಗ್ ಕರೆಂಟಿಗೆ ಈಗಿನ ಗಾಡಿಗಳ ಕಂಪ್ಯೂಟರ್ ಸುಟ್ಟು ಹೋಗಬಹುದು. ಸೀಟು, ಕಾರ್ಪೆಟ್ ತೆಗೀಬೇಕು. ಡೀಸೆಲ್ ಟ್ಯಾಂಕ್, ಪೈಪು ಎಲ್ಲಿ ಹಾದದ ನೋಡಿ ಅದನ್ನ ಬಿಚ್ಚಿ ದೂರ ಇಡಬೇಕು. ನೀರಿನ ಬಕೆಟ್ಟು ಕೈಗೆ ಸಿಗೋಹಂಗ ಇರಬೇಕು.

ಕಂಪನಿಯಾಗ ಗಾಡಿ ಕಟ್ಟುವಾಗ ತಗಡಿಗೆ ತಗಡು ಸ್ಪಾಟ್ ವೆಲ್ಡಿಂಗ್‌ನಿಂದ ಕೂಡಿಸಿರ್ತಾರ. ಒಂದೊಂದು ಗಾಡಿಯಾಗ ಇಂಥ ಚುಕ್ಕಿ ಸಾವಿರಾರು. ಒಳಗಿನ ತಗಡಿಗೆ ಪೆಟ್ಟಾಗದಂಗ ಈ ಚುಕ್ಕಿಗಳನ್ನ ಒಂದೊಂದಾಗಿ ಡ್ರಿಲ್ ಹಾಕಿ ಬಿಡಿಸಬೇಕು. ಆಮೇಲೆ ಕೆಟ್ಟದ್ದನ್ನ ಕಟ್ ಮಾಡಿ ತೆಗೀಬೇಕು. ಹೊಸ ತಗಡು ಹಳೇದರಷ್ಟೇ ದಪ್ಪ ಇರಬೇಕು. ಮೈಯ ತಗಡು ಅಂದಾಜು ಮುಕ್ಕಾಲು ಮಿಲಿಮೀಟರಿನಿಂದ ಒಂದು ಮಿಲಿಮೀಟರ್ ಅಷ್ಟೇ ಇರ್ತದ. ವೆಲ್ಡಿಂಗ್ ಮಾಡೋ ಮೊದಲೇ ಹೊಸ ತುಂಡು ಕ್ಲಾಂಪ್ ಹಾಕಿ ಕೂಡಿಸಿ, ಬಾಗಿಲು ಮುಚ್ಚಿ ಸಂದು ಸಮ ಅದ ಇಲ್ಲ ನೋಡಬೇಕು. ವೆಲ್ಡಿಂಗ್ ಆದ ಮ್ಯಾಲ ನೋಡಿದ್ರ ಕೆಲಸ ಕೆಟ್ಟಂಗ.

ವೆಲ್ಡಿಂಗೂ ಒಂದೇ ಗೆರೆ ಎಳೆದಂಗ ಮಾಡಂಗಿಲ್ಲ. ತೆಳು ತಗಡು ಕಾಯ್ದರೆ ಹಪ್ಪಳದಂಗ ಸೊಟ್ಟಾಗ್ತದ. ಇಲ್ಲೊಂದು ಟಾಕಿ, ಅಲ್ಲೊಂದು ಟಾಕಿ, ನಡುವ ತಣ್ಣಗಾಗಲಿಕ್ಕ ಬಿಟ್ಟು, ಮತ್ತ ಇನ್ನೊಂದು. ಸಮಾಧಾನ ಇಲ್ಲದವನಿಂದ ಈ ಕೆಲಸ ಆಗಂಗಿಲ್ಲ. ಆಮೇಲೆ ಗ್ರೈಂಡಿಂಗ್, ಸತುವಿನ ಪ್ರೈಮರ್, ಕೂಡಿದ ಗೆರೆಗೆ ಸೀಲರ್, ಪೊಳ್ಳಿನೊಳಗ ಮೇಣ ಇಲ್ಲ ಎಣ್ಣಿ. ಪುಟ್ಟಿ ಕಡೀಕ ಬರ್ತದ, ಅದೂ ತೆಳುವಾಗಿ, ಗೆರೆ ಮುಚ್ಚೋಷ್ಟು. ಒಂದು ವಾರದ ಕೆಲಸ. ಆದರೆ ಮುಂದ ವರ್ಷಾನುಗಟ್ಟಲೆ ಆ ಜಾಗಕ್ಕ ಕೈ ಹಚ್ಚೋ ಪ್ರಸಂಗ ಬರಂಗಿಲ್ಲ.

ಇನ್ನೊಂದು ಮಾತು ಗೊತ್ತಿರಬೇಕು. ಕ್ರೂಸರಿನಂಥ ಗಾಡಿಗೆ ಕೆಳಗ ಚಾಸಿ ಬೇರೆ ಇರ್ತದ. ಕಾರು, ವ್ಯಾನುಗಳಿಗೆ ಆ ಬೇರೆ ಚಾಸಿ ಇಲ್ಲ, ಮೈಯೇ ಚಾಸಿ. ಬಾಗಿಲ ಕೆಳಗಿನ ಪಟ್ಟಿ ಅವುಗಳ ಬೆನ್ನೆಲುಬು. ಅಲ್ಲಿ ಪುಟ್ಟಿ ಮೆತ್ತಿದವನು ಬೆನ್ನೆಲುಬಿನ ಜಾಗಕ್ಕ ಸುಣ್ಣ ತುಂಬಿದಂಗ. ಅದೇ ರೀತಿ ಹೊಸ ಕಾರುಗಳ ನಡುವಿನ ಕಂಬದಾಗ ಭಾಳ ಗಟ್ಟಿ ಉಕ್ಕು ಹಾಕಿರ್ತಾರ. ಗ್ಯಾಸ್ ವೆಲ್ಡಿಂಗ್ ಬೆಂಕಿ ತಗುಲಿದ್ರ ಅದರ ಗಟ್ಟಿತನವೇ ಹೋಗ್ತದ. ಎಲ್ಲಿ ಕಟ್ ಮಾಡಬೇಕು ಅನ್ನೋದಕ್ಕಿಂತ ಎಲ್ಲಿ ಕಟ್ ಮಾಡಬಾರದು ಅನ್ನೋದು ದೊಡ್ಡ ವಿದ್ಯೆ.

ಈಗ ಹೇಳ್ರಿ, ಪುಟ್ಟಿ ಮೆತ್ತಿದ ಗಾಡಿಯಾಗ ಕೂಡೋರು ಯಾರು?

ಬೆಳಗ್ಗೆ ಕಳೆ ತೆಗಿಯೋಕ, ತೊಗರಿ ಕೊಯ್ಯೋಕ, ಹತ್ತಿ ಬಿಡಿಸೋಕ ಕ್ರೂಸರಿನಾಗ, ಟಂಟಂನಾಗ ತುಂಬಿ ಹೋಗೋ ಹೆಣ್ಣುಮಕ್ಕಳು ಯಾವ ಓಣಿಯವರು? ಸುಗ್ಗಿ ಮುಗದ ಮ್ಯಾಲ ಪುಣೆಗೆ, ಹೈದರಾಬಾದಿಗೆ, ಬೆಂಗಳೂರಿಗೆ ಕೂಲಿಗೆ ಹೋಗೋ ಸಂಸಾರಗಳು ಯಾರವು? ಎಂಟು ಜನ ಕೂಡೋ ಕಡೆ ಹದಿನೆಂಟು ಜನ ಕೂಡ್ತೀವಿ, ಕಾಲಿಡೋ ಜಾಗದಾಗ ಒಂದು ಹಳೇ ಚೀಲ ಹಾಸಿರ್ತಾರ. ಆ ಚೀಲ ಯಾಕ ಹಾಸ್ಯಾರ ಅಂತ ಯಾರೂ ಕೇಳಂಗಿಲ್ಲ. ಅಪಘಾತ ಆದಾಗ ಪೇಪರಿನಾಗ "ಚಾಲಕನ ನಿರ್ಲಕ್ಷ್ಯ" ಅಂತ ಬರ್ತದ. ಪಲ್ಟಿ ಹೊಡೆದ ಗಾಡಿಯ ಕಂಬ ಯಾಕ ಕಾಗದದಂಗ ಮಡಚಿತು, ಸೀಟು ಬುಡ ಸಮೇತ ಯಾಕ ಕಿತ್ತು ಬಂತು ಅಂತ ನಮ್ಮ ಕಡೆ ಯಾವ ಪಂಚನಾಮೆದಾಗೂ ಓದಿದ ನೆನಪು ನನಗಿಲ್ಲ.

ಮಾಲೀಕರೆಲ್ಲ ಕೆಟ್ಟವರು ಅಂತ ನಾನು ಹೇಳ್ತಿಲ್ಲ. ನಮ್ಮವರೇ ಎಷ್ಟೋ ಹುಡುಗರು ಸಾಲ ಮಾಡಿ ಗಾಡಿ ತಗೊಂಡಾರ. ಒಂದು ವಾರ ಗಾಡಿ ನಿಂತ್ರ ಕಂತು ನಿಲ್ತದ. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಅಷ್ಟೇ ಇದ್ದವನಿಗೆ ಸ್ವಂತ ಗಾಡಿಯ ತಗಡಿಗೆ ಒಂದು ಪೈಸಾ ಬರಂಗಿಲ್ಲ. ಫುಲ್ ಇನ್ಶೂರೆನ್ಸ್ ಇದ್ರೂ ಅದು ಅಪಘಾತಕ್ಕ, ಜಂಗಿಗೆ ಅಲ್ಲ. ಅಪಘಾತದ ಕ್ಲೇಮಿನಾಗೂ ಐದು ವರ್ಷ ದಾಟಿದ ಗಾಡಿಗೆ ಲೋಹದ ಭಾಗದ ಬೆಲೆಯಾಗ ಶೇಕಡಾ 40, ಹತ್ತು ದಾಟಿದ್ರ ಶೇಕಡಾ 50 ಸವಕಳಿ ಅಂತ ಕಳೀತಾರ. ಹಂಗಾಗಿ ಬಡವ ಪುಟ್ಟಿ ಕಡೆ ಹೋಗ್ತಾನ. ಅದು ಅವನ ಚಟ ಅಲ್ಲ, ಅವನ ಲೆಕ್ಕ. ಆ ಲೆಕ್ಕ ಬದಲಾಗಬೇಕು ಅಂದ್ರ ಒಳ್ಳೆ ಕೆಲಸ ಗೊತ್ತಿರೋ ಕೈಗಳು ಹಳ್ಳಿ ಹತ್ತಿರ ಇರಬೇಕು, ಅವಕ್ಕ ಸರಿಯಾದ ಮಶೀನು ಇರಬೇಕು, ಆ ಕೆಲಸಕ್ಕ ಬೆಲೆ ಇರಬೇಕು.

ಆ ಕೈಗಳ ವಿಷಯಕ್ಕ ಬರ್ತೀನಿ.

ಕಲಬುರಗಿ ಕಡೆಯ ಗ್ಯಾರೇಜುಗಳ ಒಳಗ ಹೋಗಿ ನೋಡ್ರಿ. ಟಿಂಕರಿಂಗ್ ಮಾಡೋರು ಬಹಳಷ್ಟು ಮುಸ್ಲಿಮರು, ನಮ್ಮವರು. ನನ್ನ ಚಿಕ್ಕಪ್ಪನ ಮಗ ಒಬ್ಬ ಮುಸ್ಲಿಂ ಉಸ್ತಾದರ ಕೈಯಾಗ ಕಲಿತ. ಮೊದಲ ವರ್ಷ ಪಾನಾ ತೊಳಿಯೋದು, ಚಹಾ ತರೋದು. ಆಮೇಲೆ ಮರಳು ಕಾಗದ. ಆಮೇಲೆ ಸುತ್ತಿಗೆ. ವೆಲ್ಡಿಂಗ್ ಕೈಗೆ ಕೊಟ್ಟದ್ದು ಮೂರನೇ ವರ್ಷ. ಉಸ್ತಾದರು ಬೈತಿದ್ರು, ತಪ್ಪಿದ್ರ ತಲಿಗೆ ಒಂದು ಕೊಡ್ತಿದ್ರು, ಆದ್ರ ಒಂದೇ ಡಬ್ಬಿಯಾಗ ಕೂಡಿ ಉಣ್ತಿದ್ರು. ಇವನ ಜಾತಿ ಅವರು ಯಾವತ್ತೂ ಕೇಳಲಿಲ್ಲ. ಜಾತಿ ಕೇಳದೇ ವಿದ್ಯೆ ಕೊಟ್ಟ ಜಾಗ ನಮ್ಮ ಭಾಗದಾಗ ಎಷ್ಟು ಇದ್ದಾವು ಅಂತ ಲೆಕ್ಕ ಹಾಕ್ರಿ. ಗ್ಯಾರೇಜಿಗೆ ಆ ಗೌರವ ಸಲ್ಲಬೇಕು.

ಗ್ಯಾರೇಜ್ ಬಾಗಿಲು ದಾಟಿದ ಕೂಡಲೇ ಜಾತಿ ಬರ್ತದ. ಒಮ್ಮೆ ನಾನೇ ಕಂಡದ್ದು. ಒಬ್ಬರ ಗಾಡಿ, ಐದು ದಿನ ನಮ್ಮ ಹುಡುಗ ಅದರ ಹೊಟ್ಟಿಯಾಗ ಮಲಗಿ ಕೆಲಸ ಮಾಡ್ಯಾನ. ಕೆಲಸ ಮುಗದ ಮ್ಯಾಲ ಮಾಲೀಕರು ಅಲ್ಲೇ ಲಿಂಬೆಹಣ್ಣು, ತೆಂಗಿನಕಾಯಿ, ಹಾರ ತಂದು ಪೂಜಾ ಮಾಡಿದ್ರು. ಹುಡುಗ ಬಾನೆಟ್ ಮ್ಯಾಲ ಹಾರ ಸರಿ ಮಾಡಲಿಕ್ಕ ಕೈ ಚಾಚಿದ. "ಏ ತಮ್ಮಾ, ನೀ ಮುಟ್ಟಬ್ಯಾಡ, ದೂರ ನಿಂದ್ರು" ಅಂದ್ರು. ಮೈಲಿಗೆ ತಗಡಿಗೆ ಇರಲಿಲ್ಲ, ಹಾರಕ್ಕ ಇತ್ತು. ಅವನು ಏನೂ ಅನ್ನಲಿಲ್ಲ, ಗ್ಯಾಸ್ ಸಿಲಿಂಡರ್ ಬಂದ್ ಮಾಡಲಿಕ್ಕ ಹೋದ.

ಕಣ್ಣಿನ ಕಥೆ ಬೇರೆ. ವೆಲ್ಡಿಂಗ್ ಬೆಳಕು ಬರಿಗಣ್ಣಿಂದ ನೋಡಿದ್ರ ಆ ಕ್ಷಣ ಏನೂ ಆಗಂಗಿಲ್ಲ. ಆರೆಂಟು ತಾಸು ಕಳೆದ ಮ್ಯಾಲ, ರಾತ್ರಿ, ಕಣ್ಣಾಗ ಉಸುಕು ಹಾಕಿದಂಗ ಆಗ್ತದ. ನೀರು ಸುರೀತದ, ದೀಪ ನೋಡಲಿಕ್ಕ ಆಗಂಗಿಲ್ಲ. ನಮ್ಮ ಹುಡುಗರು ಆಲೂಗಡ್ಡಿ ಹೋಳು ಇಟ್ಕೊಂಡು ಮಲಗ್ತಾರ, ಮುಂಜಾನೆ ಮತ್ತ ಕೆಲಸಕ್ಕ ಹೋಗ್ತಾರ. ಆಲೂಗಡ್ಡಿ ಔಷಧ ಅಲ್ಲ. ಕಣ್ಣಿನ ಡಾಕ್ಟರ್ ಹತ್ರ ಹೋಗಬೇಕು, ಅದಕ್ಕೂ ಮೊದಲು ಕರಿ ಗಾಜಿನ ಹೆಲ್ಮೆಟ್ ಇರಬೇಕು. ಸತು ಲೇಪದ ತಗಡು ಸುಟ್ಟ ಹೊಗೆ ಕುಡಿದವನಿಗೆ ಸಂಜಿಗೆ ಚಳಿಜ್ವರ ಬರ್ತದ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2017ರಲ್ಲೇ ವೆಲ್ಡಿಂಗ್ ಹೊಗೆ ಮನುಷ್ಯರಿಗೆ ಕ್ಯಾನ್ಸರ್ ತರ್ತದ ಅಂತ ಮೊದಲ ಗುಂಪಿಗೆ ಸೇರಿಸ್ತು. ಬೀಡಿ, ಸಿಗರೇಟ್ ಹೊಗೆ ಇರೋದೂ ಅದೇ ಗುಂಪಿನಾಗ. ನಮ್ಮ ಗ್ಯಾರೇಜುಗಳಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಈಗ ಸರ್ಕಾರ ಏನು ಮಾಡ್ತದ ನೋಡೋಣ.

2023ರ ಸೆಪ್ಟೆಂಬರ್ 17ರಂದು ಕೇಂದ್ರ ಸರ್ಕಾರ ಪಿಎಂ ವಿಶ್ವಕರ್ಮ ಅಂತ ಯೋಜನೆ ಚಾಲೂ ಮಾಡ್ತು. ಒಟ್ಟು ಗಾತ್ರ 13,000 ಕೋಟಿ ರೂಪಾಯಿ. ತರಬೇತಿ, ಗುರುತಿನ ಚೀಟಿ, ಸಾಮಾನು ಕೊಳ್ಳಲಿಕ್ಕ 15,000 ರೂಪಾಯಿ, ಶೇಕಡಾ 5ರ ಬಡ್ಡಿಗೆ ಎರಡು ಕಂತಿನಾಗ 3 ಲಕ್ಷ ತನಕ ಸಾಲ. ಕೇಳಲಿಕ್ಕ ಚಂದ ಅದ. ಆದ್ರ ಯಾರಿಗೆ? 18 ಕಸುಬುಗಳಿಗೆ. ಬಡಗಿ, ಕಮ್ಮಾರ, ಅಕ್ಕಸಾಲಿಗ, ಕುಂಬಾರ, ಚಮ್ಮಾರ, ಕ್ಷೌರಿಕ, ಅಗಸ, ದರ್ಜಿ, ಬುಟ್ಟಿ-ಚಾಪೆ-ಪೊರಕೆ ಮಾಡೋರು, ಹೀಗೆ ಪಟ್ಟಿ ಹೋಗ್ತದ. ಟಿಂಕರಿಂಗ್ ಇಲ್ಲ, ವೆಲ್ಡರ್ ಇಲ್ಲ. ಯಾಕಂದ್ರ ಇದು "ಕುಟುಂಬ ಆಧಾರಿತ ಸಾಂಪ್ರದಾಯಿಕ ಕಸುಬು"ಗಳ ಯೋಜನೆ.

ಈ ಮಾತಿನ ಅರ್ಥ ಏನು? ನಮ್ಮ ಹುಡುಗ ಅಪ್ಪನಂಗ ಚಪ್ಪಲಿ ಹೊಲೀತೀನಿ ಅಂದ್ರ, ಪೊರಕೆ ಕಟ್ತೀನಿ ಅಂದ್ರ ಸರ್ಕಾರದ ಗುರುತಿನ ಚೀಟಿ ಅದ. ಅಪ್ಪನ ಕಸುಬು ಬಿಟ್ಟು, ಯಾವ ಜಾತಿಗೂ ಸೇರದ ಕಸುಬು ಕಲಿತು, ಜಂಗು ತಿಂದ ಗಾಡಿಗೆ ಜೀವ ಕೊಡ್ತೀನಿ ಅಂದ್ರ ಆ ಪಟ್ಟಿಯಾಗ ಅವನಿಗೆ ಜಾಗ ಇಲ್ಲ. ಚಪ್ಪಲಿ ಹೊಲಿಯೋ ಕೈ ಕೀಳು ಅಂತ ನಾನು ಹೇಳ್ತಿಲ್ಲ, ಆ ಕೈಗೂ ಸಾಲ ಸಿಗಬೇಕು, ಸಿಗಲಿ. ನನ್ನ ಪ್ರಶ್ನೆ ಒಂದೇ: ಕೌಶಲ್ಯನ ಹುಟ್ಟಿನಿಂದ ಯಾಕ ಅಳೀತೀರಿ? ತಮಿಳುನಾಡು ಸರ್ಕಾರ 2024ರ ನವೆಂಬರ್‌ನಾಗ ಈ ಯೋಜನೆನ ಈಗಿರೋ ರೂಪದಾಗ ಜಾರಿ ಮಾಡಂಗಿಲ್ಲ ಅಂತ ಕೇಂದ್ರಕ್ಕೆ ಪತ್ರ ಬರೀತು. ಕುಟುಂಬದ ಕಸುಬು ಅನ್ನೋ ಷರತ್ತು ತೆಗೀರಿ ಅಂತ ಕೇಳ್ತು. ಇದೇ ಪ್ರಶ್ನೆನ ಇಲ್ಲಿ ನಾವು ಇನ್ನೂ ಜೋರಾಗಿ ಕೇಳಬೇಕು.

2016ರಾಗ ಬಾಲಕಾರ್ಮಿಕ ಕಾನೂನಿಗೆ ತಿದ್ದುಪಡಿ ತಂದಾಗಲೂ ಹಿಂಗೇ ಆಯ್ತು. 14 ವರ್ಷದೊಳಗಿನ ಮಕ್ಕಳು ಎಲ್ಲೂ ದುಡಿಯಂಗಿಲ್ಲ ಅಂದ್ರು, ಸರಿ. ಆದ್ರ ಶಾಲೆ ಬಿಟ್ಟ ಮ್ಯಾಲ, ರಜೆಯಾಗ ಕುಟುಂಬದ ಉದ್ಯೋಗದಾಗ ಕೈಜೋಡಿಸಬಹುದು ಅಂತ ಕಿಟಕಿ ಬಿಟ್ರು. ಕುಟುಂಬದ ಉದ್ಯೋಗ ಅಂದ್ರ ಈ ದೇಶದಾಗ ಜಾತಿ ಉದ್ಯೋಗ ಅಂತ ಅರ್ಥ ಅಲ್ಲೇನು?

ಜಾತಿ ಬರೀ ಕೆಲಸ ಹಂಚೋ ಪದ್ಧತಿ ಅಲ್ಲ, ಕೆಲಸ ಮಾಡೋ ಮನುಷ್ಯರನ್ನೇ ಒಡೆದು ಮೇಲೆ-ಕೆಳಗೆ ಇಡೋ ಪದ್ಧತಿ ಅಂತ ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಾಗ ತಿಳಿಸಿ ಹೇಳಿದ್ರು. ಅದೇ ಬಾಬಾಸಾಹೇಬರು 1942ರಿಂದ 1946ರ ತನಕ ವೈಸ್‌ರಾಯ್ ಮಂಡಳಿಯಾಗ ಕಾರ್ಮಿಕ ಖಾತೆ ನೋಡ್ಕೊಂಡ್ರು. ಯುದ್ಧಕಾಲದ ತಾಂತ್ರಿಕ ತರಬೇತಿ ಯೋಜನೆ ಅವರ ಇಲಾಖೆ ಕೈಯಾಗೇ ಇತ್ತು. ಕಾರ್ಖಾನೆ ದುಡಿಮೆ ವಾರಕ್ಕ 54 ತಾಸಿನಿಂದ 48 ತಾಸಿಗೆ ಇಳಿದದ್ದೂ ಅವರ ಕಾಲದಾಗೇ. ಸಂವಿಧಾನ ಬರೆದ ಬಾಬಾಸಾಹೇಬರ ಮೂರ್ತಿ ನಮ್ಮ ಪ್ರತಿ ಊರಾಗೂ ಅದ. ಮಶೀನಿನ ಮುಂದ ನಿಂತ ಕೂಲಿಕಾರನ ಬಗ್ಗೆ ಯೋಚಿಸಿದ ಬಾಬಾಸಾಹೇಬರನ್ನ ನಮ್ಮ ಭಾಷಣಗಳಾಗ ಹುಡುಕಬೇಕಾಗ್ಯದ.

ಇಲ್ಲಿ ನಮ್ಮ ಚಳವಳಿಗೂ ಒಂದು ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬ್ಯಾಡ್ರಿ. ನಮ್ಮ ಸಭೆಗಳಾಗ ಡಿಗ್ರಿ ಮಾಡಿದವರಿಗೆ ಶಾಲು ಹಾಕ್ತೀವಿ, ಕೆಎಎಸ್ ಪಾಸಾದವರಿಗೆ ಹಾರ ಹಾಕ್ತೀವಿ. ಹಾಕಲೇಬೇಕು. ಆದ್ರ ಏಪ್ರಿಲ್ 14ರ ಮೆರವಣಿಗೆಗೆ ಟ್ರ್ಯಾಕ್ಟರ್ ಟ್ರೇಲರಿಗೆ ಕಬ್ಬಿಣದ ಫ್ರೇಮ್ ವೆಲ್ಡಿಂಗ್ ಮಾಡಿಕೊಟ್ಟ ಹುಡುಗ ಸ್ಟೇಜಿನ ಹಿಂದೇ ಉಳೀತಾನ. ಎಸ್ಸೆಸ್ಸೆಲ್ಸಿ ಫೇಲಾಗಿ ಗ್ಯಾರೇಜ್ ಸೇರಿದ ಅಂದ್ರ "ಅವನ ಬಾಳೇವು ಹಾಳಾಯ್ತು" ಅಂತೀವಿ. ಬಾಳೇವು ಹಾಳಾಗಿಲ್ಲ, ಅವನ ವಿದ್ಯೆಗೆ ಕಾಗದ ಇಲ್ಲ ಅಷ್ಟೇ. ಅವನ ಹತ್ರ ಜಾತಿ ಸರ್ಟಿಫಿಕೇಟ್ ಅದ, 371ಜೆ ಸರ್ಟಿಫಿಕೇಟ್ ಅದ. ಕೆಲಸ ಬರ್ತದ ಅನ್ನೋ ಸರ್ಟಿಫಿಕೇಟ್ ಮಾತ್ರ ಇಲ್ಲ. ಸಾರಿಗೆ ನಿಗಮದಾಗ ತಾಂತ್ರಿಕ ಸಹಾಯಕ ಹುದ್ದೆ ಕರೀತಾರ, ಐಟಿಐ ಕಾಗದ ಕೇಳ್ತಾರ. ಹದಿನೈದು ವರ್ಷ ತಗಡು ಬಡಿದ ಕೈ ಅಲ್ಲಿ ಅರ್ಜಿ ಸಹ ಹಾಕಲಿಕ್ಕ ಆಗಂಗಿಲ್ಲ. ಬ್ಯಾಂಕಿನವರು ಸ್ವಂತ ಗ್ಯಾರೇಜಿಗೆ ಸಾಲ ಕೇಳಿದ್ರ "ತರಬೇತಿ ಪತ್ರ ಎಲ್ಲಿ?" ಅಂತಾರ. ಕಾಗದ ಇಲ್ಲದವ ಜೀವನಪೂರ್ತಿ ಇನ್ನೊಬ್ಬರ ಶೆಡ್ಡಿನಾಗ ದಿನಗೂಲಿ.

ಹಾಗಾದ್ರ ಏನು ಮಾಡಬೇಕು? ಬೈದು ಸುಮ್ಮನಾಗೋ ಪೋಸ್ಟ್ ಅಲ್ಲ ಇದು. ನಾಲ್ಕು ಬೇಡಿಕೆ ಅದಾವ.

ಒಂದು, ಕಾಗದ. ಮೊದಲೇ ಕಲಿತ ಕೆಲಸಕ್ಕ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡೋ ವ್ಯವಸ್ಥೆ ಕೇಂದ್ರದ ಕೌಶಲ್ಯ ಯೋಜನೆಯಾಗೇ ಅದ. ಅದಕ್ಕ ಆರ್‌ಪಿಎಲ್ ಅಂತಾರ. ಆ ಪರೀಕ್ಷೆ ತಾಲೂಕಿಗೆ ಬರಬೇಕು, ಕನ್ನಡದಾಗ ನಡೀಬೇಕು, ಕೆಲಸ ಬಿಟ್ಟು ಬಂದ ದಿನದ ಕೂಲಿ ಕೊಡಬೇಕು.

ಎರಡು, ಐಟಿಐ. ಮೆಕ್ಯಾನಿಕ್ ಆಟೋ ಬಾಡಿ ರಿಪೇರ್ ಅಂತ ಒಂದು ವರ್ಷದ ಟ್ರೇಡೇ ಅದ. ಈ ಕಟಿಂಗ್-ವೆಲ್ಡಿಂಗ್ ಕೆಲಸವೇ ಅದರ ಪಾಠ. ನಮ್ಮ ತಾಲೂಕುಗಳ ಸರ್ಕಾರಿ ಐಟಿಐಗಳಾಗ ಅದನ್ನ ಚಾಲೂ ಮಾಡ್ರಿ. ಕಲಿಸಲಿಕ್ಕ ಉಸ್ತಾದರನ್ನೂ ಕರೀರಿ.

ಮೂರು, ನಮ್ಮ ದುಡ್ಡು. ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾನೂನು 2013ರಾಗ ಬಂತು, ಪರಿಶಿಷ್ಟರ ಜನಸಂಖ್ಯೆಗೆ ತಕ್ಕಂಗ ಶೇಕಡಾ 24.1 ಪಾಲು ಇಡಬೇಕು ಅಂತ. ದುಡ್ಡು ಬೇರೆ ಕಡೆ ಹರಿಸೋ 7ಡಿ ಕಲಂ ತೆಗೆಸಲಿಕ್ಕ 2023ರ ತನಕ ಹೋರಾಡಬೇಕಾಯ್ತು. ಆ ದುಡ್ಡಿನಾಗ ಒಂದು ಸಿಒಟು ವೆಲ್ಡಿಂಗ್ ಮಶೀನು, ಒಂದು ಸ್ಪಾಟ್ ಮಶೀನು, ಹೆಲ್ಮೆಟ್ಟು, ಹೊಗೆ ತಡೆಯೋ ಮಾಸ್ಕ್ ಇರೋ ಸಾಮೂಹಿಕ ಶೆಡ್ ತಾಲೂಕಿಗೊಂದು ಕಟ್ಟಲಿಕ್ಕ ಏನು ಅಡ್ಡಿ? ಹೊಲಿಗಿ ಮಶೀನ್ ಹಂಚಿ ಫೋಟೋ ತೆಗೆಸ್ಕೊಳ್ಳೋದರ ಆಚೆಗೂ ಯೋಚಿಸ್ರಿ.

ನಾಲ್ಕು, ಭದ್ರತೆ. ಮೋಟಾರು ಸಾರಿಗೆ ಮತ್ತು ಸಂಬಂಧಿತ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಅಂತ ರಾಜ್ಯದಾಗ ಹೊಸ ಕಾನೂನು 2024ರಾಗ ಬಂದದ. ಡ್ರೈವರ್, ಕ್ಲೀನರ್ ಜೊತೆ ಗ್ಯಾರೇಜ್ ಕೆಲಸದವರೂ ಅದರಾಗ ಬರ್ತಾರ. ಹೆಸರು ನೋಂದಾಯಿಸಿದವರಿಗಷ್ಟೇ ಸೌಲಭ್ಯ. ನಮ್ಮ ಹುಡುಗರಿಗೆ ಇದು ಗೊತ್ತೇ ಇಲ್ಲ. ಕಾರ್ಮಿಕ ಇಲಾಖೆ ಗ್ಯಾರೇಜಿಗೇ ಬಂದು ನೋಂದಣಿ ಮಾಡಬೇಕು. ಕಣ್ಣಿನ ತಪಾಸಣೆ ವರ್ಷಕ್ಕೊಮ್ಮೆ ಪುಕ್ಕಟೆ ಆಗಬೇಕು.

ಸರ್ಕಾರ ಬರೋ ತನಕ ಕಾಯೋದು ಬ್ಯಾಡ. ಇದನ್ನ ಓದಿದವರು ಈ ವಾರ ನಿಮ್ಮ ಊರಿನ ಗ್ಯಾರೇಜಿಗೆ ಹೋಗ್ರಿ. ಹುಡುಗರ ಹೆಸರು, ಆಧಾರ್, ಎಷ್ಟು ವರ್ಷದ ಅನುಭವ ಬರ್ಕೊಳ್ರಿ, ಕಾರ್ಮಿಕ ಇಲಾಖೆಗೆ ಕೂಡಿ ಹೋಗ್ರಿ. ಸಂಘದ ರೊಕ್ಕದಾಗ ನಾಲ್ಕು ವೆಲ್ಡಿಂಗ್ ಹೆಲ್ಮೆಟ್ ಕೊಡಿಸ್ರಿ. ಜಯಂತಿಯ ಡಿಜೆ ಖರ್ಚಿನಾಗ ಸ್ವಲ್ಪ ತೆಗೆದ್ರೂ ಆಗ್ತದ. ಇನ್ನು ಗಾಡಿ ಇರೋ ನಮ್ಮ ಅಣ್ಣತಮ್ಮಂದಿರೇ, ಹುಡುಗ "ಅಣ್ಣಾ, ಇದು ಪುಟ್ಟಿಗೆ ನಿಲ್ಲಂಗಿಲ್ಲ, ಕಟ್ ಮಾಡಬೇಕು" ಅಂದ್ರ ಅವನ ಮಾತು ಕೇಳ್ರಿ. ಹಿಂದಿನ ಸೀಟಿನಾಗ ಕೂಡೋರು ನಿಮ್ಮ ಅವ್ವ, ಅಕ್ಕ, ತಂಗಿಯರೇ.

ಗುಳ್ಳೆ ಎದ್ದ ಕಡೆಯೆಲ್ಲ ಯೋಜನೆ ಹೆಸರಿನ ಪುಟ್ಟಿ ಮೆತ್ತಿ, ಚುನಾವಣೆ ಬಂದಾಗ ಬಣ್ಣ ಹೊಡೆಯೋದನ್ನ ನಾವು ಭಾಳ ವರ್ಷದಿಂದ ನೋಡ್ಕೋತ ಬಂದೀವಿ. ಹುಟ್ಟಿನಿಂದ ಕಸುಬು ಅಳೆಯೋ ಜಂಗು ಈ ದೇಶದ ಒಳಗಿನ ತಗಡಿನಾಗ ಅದ. ಅದನ್ನ ಗಟ್ಟಿ ತಗಡು ಸಿಗೋ ತನಕ ಕಟ್ ಮಾಡಿ ತೆಗೀಬೇಕು. ಆ ಕೆಲಸ ಹ್ಯಾಂಗ ಮಾಡಬೇಕು ಅಂತ ನಮ್ಮ ಗ್ಯಾರೇಜ್ ಹುಡುಗರಿಗೆ ಚಂದಾಗಿ ಗೊತ್ತದ.

ಶೇರ್ ಮಾಡ್ರಿ. ನಿಮ್ಮ ಊರಾಗ ಎಷ್ಟು ಹುಡುಗರು ಈ ಕೆಲಸದಾಗ ಅದಾರ ಅಂತ ಕೆಳಗ ಬರೀರಿ.

ಜೈ ಭೀಮ್.